ಬನಿಯನ್ನಿಗೂ ಅದೇ ಬಿಸಿ, ಬನಾರಸಿಗೂ ಅದೇ ಬಿಸಿ

ಬೆಂಗಳೂರಿನ ಫ್ಲ್ಯಾಟುಗಳಿಗೆ ಹೊಸದಾಗಿ ಬಲಗಾಲಿಟ್ಟು ಒಳಬಂದಿರುವ ಡ್ರೈಯರನ್ನು ನೋಡಿದ್ದೀರಲ್ಲ? ಅದರ ಹಣೆಯ ಮೇಲೆ ಕಾಟನ್, ಸಿಂಥೆಟಿಕ್, ಡೆಲಿಕೇಟ್, ಟವೆಲ್, ಬೆಡ್ಡಿಂಗ್ ಎಂದು ಹತ್ತೋ ಹನ್ನೆರಡೋ ಆಯ್ಕೆಗಳಿರುತ್ತವೆ. ಬಳಕೆಯಾಗುವುದು ಮಾತ್ರ ಒಂದೇ. ಜೋಡಿಸಲು ಬಂದ ಹುಡುಗ ಹೋಗುವ ಅವಸರದಲ್ಲಿ "ಇದೊಂದು ಒತ್ತಿದ್ರೆ ಸಾಕು ಸರ್" ಎಂದು ತೋರಿಸಿದ ಗುಂಡಿಯೇ ಆ ಮನೆಗೆ ವೇದವಾಕ್ಯ. ಹೊಸ ಕಾರಿನ ಇಕೋ, ಸಿಟಿ, ಸ್ಪೋರ್ಟ್ ಮೋಡುಗಳ ಬಗ್ಗೆ ಮುಕ್ಕಾಲು ಗಂಟೆ ಕೊರೆಯುವ ಯಜಮಾನರು ಇಲ್ಲಿ ಮಾತ್ರ ಪರಮ ಸಮದರ್ಶಿಗಳು. ಕಾಲೊರಸು ಬಟ್ಟೆಗೂ ಹೆಂಡತಿಯ ಕುರ್ತಾಕ್ಕೂ ಭೇದವೆಣಿಸುವುದಿಲ್ಲ.

ನಮ್ಮ ಅಜ್ಜಿಯಂದಿರು ಹೀಗಿರಲಿಲ್ಲ ನೋಡಿ. ಮಲೆನಾಡಿನ ಆಷಾಢದಲ್ಲಿ ಬಚ್ಚಲೊಲೆಯ ಮೇಲೆ ಬಿದಿರುಗಳನ್ನು ಕಟ್ಟಿ ಬಟ್ಟೆ ಹರವುತ್ತಿದ್ದಾಗ ದಪ್ಪ ಪಂಚೆ ಒಲೆಗೆ ಹತ್ತಿರ, ತೆಳು ಸೀರೆ ದೂರ. ಒಲೆಗೂ ಬಟ್ಟೆಗೂ ನಡುವಿನ ಅಂತರವೇ ಅವರ ಸೆಟ್ಟಿಂಗು. 1800ರ ಸುಮಾರಿಗೆ ಫ್ರಾನ್ಸಿನ ಪೋಶೋನ್ ಎಂಬಾತ ತೂತು ಕೊರೆದ ಪೀಪಾಯಿಯಲ್ಲಿ ಬಟ್ಟೆ ತುಂಬಿ ಬೆಂಕಿಯ ಮೇಲೆ ಕೈಯಲ್ಲೇ ತಿರುಗಿಸಿದ ಎನ್ನುತ್ತಾರೆ. ಹೊಗೆ ವಾಸನೆಯಲ್ಲಿ ಅವನ ಬಟ್ಟೆಯೂ ನಮ್ಮಜ್ಜಿಯ ಬಟ್ಟೆಯೂ ಸೋದರಸಂಬಂಧಿಗಳೇ ಇರಬೇಕು. ಇಂದಿನ ಯಂತ್ರದ ಹನ್ನೆರಡು ಹೆಸರುಗಳ ಹಿಂದೆಯೂ ಬದಲಾಗುವುದು ಮುಖ್ಯವಾಗಿ ಮೂರೇ: ಎಷ್ಟು ಬಿಸಿ, ಎಷ್ಟು ಹೊತ್ತು, ಎಷ್ಟು ಉರುಳಾಟ.

ಮೊದಲ ಮೋಸ ಕಾಟನ್ ಎಂಬ ಗುಂಡಿಯದೇ. ಸಾಮಾನ್ಯವಾಗಿ ಅತಿ ಬಿಸಿಯ ಆಯ್ಕೆ ಅದೇ. ಟವೆಲು, ಬೆಡ್‌ಶೀಟಿನಂಥ ಗಟ್ಟಿಪಿಂಡಗಳಿಗೆ ಮಾಡಿದ್ದು. ಟೀ ಶರ್ಟಿನ ಚೀಟಿಯಲ್ಲೂ ಕಾಟನ್ ಎಂದಿದೆಯಲ್ಲ ಎಂದು ಅದನ್ನೂ ತಳ್ಳಿದಿರೋ, ಹೊರಬರುವಾಗ ಮಗನಿಗೆ ಸರಿಹೋಗುತ್ತದೆ. ಕಾರ್ಖಾನೆಯಲ್ಲಿ ಬಟ್ಟೆಯನ್ನು ಎಳೆದು ಬಿಗಿದು ತಯಾರಿಸಿರುತ್ತಾರೆ. ನೀರು ಕುಡಿದು ಉಬ್ಬಿದ ನೂಲು ಬಿಸಿಯಲ್ಲಿ ಉರುಳಿದಾಗ ಆ ಬಿಗಿತ ಬಿಟ್ಟು ತನ್ನ ಸಹಜ ಅಳತೆಗೆ ಮರಳುತ್ತದೆ. ನೇಯ್ದ ಬಟ್ಟೆಗಿಂತ ಹೆಣೆದ ಬಟ್ಟೆಗೆ ಈ ಚಾಳಿ ಹೆಚ್ಚು. ಆದರೆ ಎಲ್ಲ ಆರೋಪವನ್ನೂ ಯಂತ್ರದ ತಲೆಗೆ ಕಟ್ಟಬೇಡಿ. ಬನಿಯನ್ ಉದ್ದದಲ್ಲಿ ಗಿಡ್ಡವಾಗಿದ್ದರೆ ಡ್ರೈಯರ್ ಕಾರಣ. ಹೊಟ್ಟೆಯ ಹತ್ತಿರ ಮಾತ್ರ ಬಿಗಿಯಾಗಿದ್ದರೆ ಬೆಣ್ಣೆದೋಸೆ ಕಾರಣ.

ಟವೆಲಿಗೆ ಬಿಸಿ ಎಷ್ಟಾದರೂ ಸರಿ, ಒಗೆಯುವಾಗ ಕಂಫರ್ಟಿನಂಥ ಫ್ಯಾಬ್ರಿಕ್ ಕಂಡಿಷನರ್ ಸುರಿಯಬೇಡಿ. ಅದರ ಜಿಡ್ಡು ಕೂತರೆ ಟವೆಲು ಮೃದುವಾಗುತ್ತದೆ, ಮೈ ಮಾತ್ರ ಒರೆಸುವುದಿಲ್ಲ. ಜೀನ್ಸಿಗೆ ಜಿಪ್ ಹಾಕಿ, ಒಳಹೊರಗು ಮಾಡಿ, ಮಧ್ಯಮ ಬಿಸಿ ಕೊಡಿ. ಪಾಲಿಯೆಸ್ಟರ್ ಕುಡಿಯುವ ನೀರೇ ಕಡಿಮೆ, ಬೇಗ ಒಣಗುತ್ತದೆ. ಆದರೆ ಸುಮಾರು 70-80 ಡಿಗ್ರಿ ದಾಟಿದರೆ ಅದರ ಎಳೆ ಮೆತ್ತಗಾಗಿ, ಆಗ ಬಿದ್ದ ಸುಕ್ಕು ತಣ್ಣಗಾಗುವಾಗ ಹಾಗೇ ಅಚ್ಚಾಗುತ್ತದೆ. ಸಿಂಥೆಟಿಕ್ ಆಯ್ಕೆಯಲ್ಲಿ ಬಿಸಿ ಕಡಿಮೆ, ಕೊನೆಗೊಂದಿಷ್ಟು ತಣ್ಣಗಾಳಿ ಇರುವುದು ಇದಕ್ಕೇ. ಅದು ಮುಗಿದು ಯಂತ್ರ ಕೂಗಿದಾಗ "ಸೀರಿಯಲ್ ಮುಗೀಲಿ" ಎಂದು ಕೂತಿರೋ, ಆಮೇಲೆ ಇಸ್ತ್ರಿಯವನಿಗೆ ಹಬ್ಬ. ಲೆಗ್ಗಿಂಗ್ಸಿಗೆ, ಸೊಂಟದ ಎಲಾಸ್ಟಿಕ್ಕಿಗೆ ಬಿಸಿಯೆಂದರೆ ಆಗದು. ಮೂರು ತಿಂಗಳು ಕಾಟನ್ ಬಿಸಿಯಲ್ಲಿ ಬೇಯಿಸಿ ನೋಡಿ, ಪೈಜಾಮಾ ಒಂದು ಕೈಯಲ್ಲಿ ಹಿಡಿದೇ ಓಡಾಡಬೇಕಾದೀತು.

ಇನ್ನು ಉಣ್ಣೆ. ಅದರ ಎಳೆಯ ಮೇಲೆ ಸಣ್ಣ ಹುರುಪೆಗಳಿರುತ್ತವೆ. ಒದ್ದೆಯಲ್ಲಿ ಉರುಳಾಡಿದರೆ ಒಂದಕ್ಕೊಂದು ಕೊಂಡಿ ಹಾಕಿಕೊಂಡು ಸ್ವೆಟರು ಗೊಂಬೆಯ ಅಂಗಿಯಾಗುತ್ತದೆ. ಚಾಪೆಯ ಮೇಲೆ ಹರವಿ, ಅಷ್ಟೇ. 1912ರಿಂದ ನೇಯ್ದುಕೊಂಡು ಬಂದ ಮೈಸೂರು ಸಿಲ್ಕನ್ನು ಡೆಲಿಕೇಟ್ ಎಂಬ ಹೆಸರು ನಂಬಿ ಒಳಗೆ ತಳ್ಳುವವರೊಂದಿಗೆ ನನಗೆ ಮಾತಿಲ್ಲ. ಇಳಕಲ್ ಸೀರೆಯಂಥದ್ದು ಬಂದರೆ? ಹತ್ತಿಯ ಒಡಲು, ರೇಷ್ಮೆಯ ಸೆರಗು. ಒಡಲಿನ ಮಾತು ಕೇಳಬೇಡಿ, ಸೆರಗಿನ ಮಾತು ಕೇಳಿ. ಬೆರಕೆ ಬಟ್ಟೆಗೆಲ್ಲ ಇದೇ ನ್ಯಾಯ: ಅದರಲ್ಲಿ ಯಾವ ನೂಲು ಹೆಚ್ಚು ನಾಜೂಕೋ ಅದರದೇ ಹುಕುಂ. ಅನುಮಾನವಿದ್ದರೆ ಕಾಲರಿನ ಹಿಂದಿನ, ಚುಚ್ಚುತ್ತದೆಂದು ನೀವು ಕತ್ತರಿಸಿ ಬಿಸಾಡಿದ ಚೀಟಿಯನ್ನು ನೆನಪಿಸಿಕೊಳ್ಳಿ. ಚೌಕದೊಳಗೊಂದು ವೃತ್ತ ಇತ್ತಲ್ಲ, ಅದರಲ್ಲಿ ಒಂದು ಚುಕ್ಕಿಯಿದ್ದರೆ ಕಡಿಮೆ ಬಿಸಿ, ಎರಡಿದ್ದರೆ ಇನ್ನಷ್ಟು. ಮೇಲೆ ಗೀಟೆಳೆದಿದ್ದರೆ ಡ್ರೈಯರ್ ಬೇಡವೇ ಬೇಡ.

ಡ್ರೈಯರಿನ ಉರುಳುವ ಡಬ್ಬಿಯೊಳಗೆ ಎರಡು ಲೋಹದ ಪಟ್ಟಿಗಳಿವೆ, ಕಂಡಿರಾ? ಒದ್ದೆ ಬಟ್ಟೆ ತಗುಲಿದರೆ ಅವುಗಳ ನಡುವೆ ಅಷ್ಟಿಷ್ಟು ವಿದ್ಯುತ್ ಹರಿಯುತ್ತದೆ, ಹರಿಯದಿದ್ದರೆ ಒಣಗಿತೆಂದು ಯಂತ್ರಕ್ಕೆ ತಿಳಿಯುತ್ತದೆ. ಟವೆಲಿನ ಜೊತೆ ತೆಳು ಶರ್ಟು ಹಾಕಿದರೆ ಈ ಜಾಣತನವೂ ಕೆಲಸಕ್ಕೆ ಬಾರದು. ಟವೆಲು ಒಣಗುವಷ್ಟರಲ್ಲಿ ಶರ್ಟು ಹಪ್ಪಳ. ಬೆಡ್‌ಶೀಟಂತೂ ಸಿಕ್ಕಿದ್ದನ್ನೆಲ್ಲ ಉಂಡೆಕಟ್ಟಿ ನುಂಗುತ್ತದೆ, ಹೊಟ್ಟೆಯಲ್ಲಿ ಒದ್ದೆ ಕಾಲುಚೀಲ. ಅದಕ್ಕೇ ಅದನ್ನು ಬೇರೆ ಹಾಕಿ, ಡಬ್ಬಿಯ ಮೂರನೇ ಒಂದು ಭಾಗವಾದರೂ ಖಾಲಿ ಬಿಡಿ. ಒಳಗೆ ಗಾಳಿಯೂ ಆಡಬೇಕಲ್ಲ.

ಮನೆಗೆ ಟೆರೇಸು, ಟೆರೇಸಿಗೆ ಬಿಸಿಲು ಎರಡೂ ಇರುವ ಪುಣ್ಯವಂತರು ಇಷ್ಟನ್ನೂ ಓದಿ ಸುಮ್ಮನೆ ಹೊಟ್ಟೆ ಉರಿಸಿದಿರಿ, ಇರಲಿ. ಉಳಿದವರಿಗೊಂದು ಪ್ರಶ್ನೆ: ಬಾಗಿಲ ಬಳಿಯ ಲಿಂಟ್ ಫಿಲ್ಟರನ್ನು ಕೊನೆಯ ಸಲ ತೆಗೆದದ್ದು ಯಾವಾಗ? ಪ್ರತಿ ಸಲವೂ ತೆಗೆಯಬೇಕು. ಅಮೆರಿಕದಲ್ಲಿ ಡ್ರೈಯರಿಗೆ ಬೆಂಕಿ ಬೀಳಲು ಮುಖ್ಯ ಕಾರಣವೇ ಶುಚಿ ಮಾಡದಿರುವುದು. ಈಗಲೇ ಏಳಿ, ಹೋಗಿ ನೋಡಿ ಬನ್ನಿ.