ಸ್ಟೆಪ್ನಿಯ ಜಾಗ

ನಮ್ಮ ಕಡೆಯ ತೋಟದ ಮನೆಗಳಲ್ಲಿ ಯಾವ ಸಾಮಾನೂ ಒಂದೇ ಒಂದು ಅಂತ ಇರುವುದಿಲ್ಲ. ಪಂಪುಶೆಡ್ಡಿಗೆ ಹೋಗಿ ನೋಡಿ, ಓಡುವ ಮೋಟರಿನ ಪಕ್ಕದಲ್ಲಿ ಓಡದ ಮೋಟರೊಂದು ಗೋಣಿ ಹೊದ್ದು ಕೂತಿರುತ್ತದೆ. ಫುಟ್‌ವಾಲ್ವ್ ಒಂದು ಕೆರೆಯಲ್ಲಿ, ಇನ್ನೊಂದು ಅಟ್ಟದಲ್ಲಿ. ಅಡಿಕೆಗೆ ಮದ್ದು ಬಿಡುವ ಪಂಪಿನ ವಾಶರುಗಳಂತೂ ಡಬ್ಬಿಗಟ್ಟಲೆ. ಕೊಡೆ ತಲೆಗೆರಡು, ಮದುವೆ ಮನೆಯಲ್ಲಿ ಕೊಡೆ ಬಿಟ್ಟು ಬರುವುದರಲ್ಲಿ ನನಗೊಂದು ಹೆಸರಿರುವುದರಿಂದ ನನ್ನ ಪಾಲಿಗೆ ಮೂರು. ಇದಕ್ಕೆ ಕಾರಣ ಜಿಪುಣತನವೂ ಅಲ್ಲ, ಶ್ರೀಮಂತಿಕೆಯೂ ಅಲ್ಲ. ಆಟಿ ತಿಂಗಳ ಮಳೆಯಲ್ಲಿ ಕರೆಂಟು ಹೋಗಿ, ಮರ ಬಿದ್ದು ರಸ್ತೆ ಮುಚ್ಚಿ, ಕಡಬದ ಅಂಗಡಿಯವನು ಬಾಗಿಲು ಹಾಕಿಕೊಂಡು ಮಲಗಿದ್ದಾಗ ಬೇಕಾಗುವುದು ಸರಿಯಾಗಿ ಆ ಎರಡನೆಯ ವಾಶರೇ ಎಂಬುದು ಕೋಡಿಂಬಾಳದಲ್ಲಿ ಹುಟ್ಟಿದ ಮಕ್ಕಳಿಗೂ ಗೊತ್ತು.

ಗೊತ್ತು ಎಂದುಕೊಂಡಿದ್ದೆ. ಬೆಂಗಳೂರಿನಲ್ಲಿರುವ ನನ್ನ ಅಕ್ಕನ ಮಗ ಮೊನ್ನೆ ಹಲಸಿನ ಕಾಲದಲ್ಲಿ ಬಂದಿಳಿದ ಕಾರಿನಲ್ಲಿ ಸ್ಟೆಪ್ನಿಯೇ ಇರಲಿಲ್ಲ.

ಕಾರಿನ ಬಗ್ಗೆ ಎರಡು ಮಾತು ಹೇಳಬೇಕು. ಅದು ಮೂಲತಃ ಹಳೆಯ ಹೋಂಡಾ ಸಿಟಿ, 106 ಅಶ್ವಶಕ್ತಿಯ ವಿಟೆಕ್ ಎಂಜಿನ್ನಿನದು. ಹುಟ್ಟಿದಾಗ ಮರ್ಯಾದಸ್ಥ ಸಂಸಾರಿಗಳ ಕಾರಾಗಿತ್ತು. ಅಳಿಯನ ಕೈಗೆ ಬಂದ ಮೇಲೆ ಸ್ಪ್ರಿಂಗು ಬದಲಾಗಿ ನೆಲಕ್ಕೆ ಇಳಿಯಿತು, ಸೈಲೆನ್ಸರಿಗೆ ಗಂಟಲು ಒಡೆಯಿತು, ಹಿಂದಿನ ಸೀಟು ಇದ್ದೂ ಇಲ್ಲದಂತಾಯಿತು. ಕೆಂಪು ಬ್ರೇಕ್ ಕ್ಯಾಲಿಪರುಗಳು ಚಕ್ರದ ಸಂದಿನಿಂದ ಇಣುಕುತ್ತವೆ. ಅವನ ಪ್ರಕಾರ ಅದೀಗ ಸ್ಪೋರ್ಟ್ಸ್ ಕಾರು. ಅದರೊಳಗೆ ಕೂರುವುದು ಹೇಗೋ ಆಗುತ್ತದೆ, ಎದ್ದು ಬರುವುದಕ್ಕೆ ನನಗೆ ಇಬ್ಬರ ಸಹಾಯ ಬೇಕು.

“ಸ್ಟೆಪ್ನಿ, ಜಾಕಿ, ಪಾನ ಎಲ್ಲ ಸೇರಿ ಇಪ್ಪತ್ತು ಕಿಲೋ ಹತ್ರ ಉಂಟು ಮಾವ. ಸುಮ್ನೆ ಹೊತ್ಕೊಂಡು ತಿರುಗುದ್ಯಾಕೆ? ಭಾರ ಕಮ್ಮಿ ಆದಷ್ಟು ಓಟ ಜಾಸ್ತಿ.”

“ಹಾಗಾದ್ರೆ ನನ್ನನ್ನು ಕೂರಿಸುದು ಯಾಕೆ ಮಾರಾಯ? ನಾನು ಇಳಿದ್ರೆ ನಾಲ್ಕು ಸ್ಟೆಪ್ನಿ ಇಳಿದ ಹಾಗೆ” ಎಂದೆ. ಅವನು ಒಪ್ಪಿಕೊಂಡ. ಇಷ್ಟು ಬೇಗ ಒಪ್ಪಿಕೊಳ್ಳುತ್ತಾನೆಂದು ನಾನೆಣಿಸಿರಲಿಲ್ಲ.

ಆದರೆ ಅವನ ವಾದ ಪೂರ್ತಿ ಟೊಳ್ಳಲ್ಲ. ದೊಡ್ಡ ಬ್ರೇಕು ಹಾಕಿದ ಮೇಲೆ ಕಂಪನಿ ಕೊಟ್ಟ ಹದಿನಾಲ್ಕಿಂಚಿನ ಚಕ್ರ ಮುಂದಿನ ಕ್ಯಾಲಿಪರಿಗೆ ತಾಗುತ್ತದೆ, ತಿರುಗುವುದಿಲ್ಲ. ಈಗ ಇರುವ ಹದಿನೈದಿಂಚಿನ ಅಗಲ ಚಕ್ರವನ್ನೇ ಇಡೋಣವೆಂದರೆ ಡಿಕ್ಕಿಯ ಗುಂಡಿ ಅದಕ್ಕೆ ಸಾಲುವುದಿಲ್ಲ, ಮೇಲಿನ ಹಲಗೆ ಮುಚ್ಚಲಾಗದೆ ಬಾಯಿ ತೆರೆದುಕೊಂಡು ನಿಲ್ಲುತ್ತದೆ. ಮೇಲಾಗಿ ಸರ್ಕಾರವೂ ಅವನ ಕಡೆಗಿದೆ. 2020ರ ಜುಲೈಯಲ್ಲಿ ಕೇಂದ್ರದ ಸಾರಿಗೆ ಇಲಾಖೆ ಮೋಟಾರು ವಾಹನ ನಿಯಮಕ್ಕೆ ತಿದ್ದುಪಡಿ ತಂದಿತು: ಮೂರೂವರೆ ಟನ್ನಿನೊಳಗಿನ ಪ್ರಯಾಣಿಕರ ವಾಹನಕ್ಕೆ ಟ್ಯೂಬ್‌ಲೆಸ್ ಟಯರು, ಗಾಳಿಯ ಒತ್ತಡ ತೋರಿಸುವ ವ್ಯವಸ್ಥೆ, ಪಂಚರ್ ಕಿಟ್ಟು ಇವಿಷ್ಟು ಇದ್ದರೆ ಸ್ಟೆಪ್ನಿ ಕಡ್ಡಾಯವಲ್ಲ. ಇದನ್ನು ಅವನು ಫೋನಿನಲ್ಲಿ ತೆಗೆದು ನನ್ನ ಮೂಗಿನ ಹತ್ತಿರ ಹಿಡಿದ. ನನಗೂ ಓದು ಬರುತ್ತದಲ್ಲ? 2019ರ ಜನವರಿಯಲ್ಲಿ, ಪಕ್ಕದ ಕೇರಳದಿಂದ ಹೋದ ಮೊಕದ್ದಮೆಯೊಂದರಲ್ಲಿ, ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಬದಲಾಯಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು ಹೇಳಿದ್ದನ್ನು ನೆನಪಿಸಿದೆ. ಅವನು ಫೋನು ಕಿಸೆಗೆ ಹಾಕಿಕೊಂಡು ಕಾಫಿ ಆಯ್ತಾ ಅಂತ ಒಳಗೆ ಹೋದ.

ಚಕ್ರದ ಅಳತೆ ಬದಲಾಯಿಸಿದರೆ ಏನಾಗುತ್ತದೆಂದು ಬೇರೆ ಊರಿನವರಿಗೆ ಗೊತ್ತಿಲ್ಲದಿರಬಹುದು, ನಮಗೆ ಚೆನ್ನಾಗಿ ಗೊತ್ತು. ಕೋಡಿಂಬಾಳಕ್ಕೆ ಒಂದು ರೈಲು ನಿಲ್ದಾಣವುಂಟು, ಮಂಗಳೂರು–ಹಾಸನ ದಾರಿಯಲ್ಲಿ. ಆ ದಾರಿ 1979ರಲ್ಲಿ ಪೂರ್ತಿಯಾದಾಗ ಮೀಟರ್ ಗೇಜಾಗಿತ್ತು. ಅದನ್ನು ಬ್ರಾಡ್‌ಗೇಜ್ ಮಾಡುತ್ತೇವೆ, ಅಂದರೆ ಗಾಲಿಗಳ ನಡುವಣ ಅಂತರವನ್ನು ಇನ್ನೊಂದು ಅರುವತ್ತೆಂಟು ಸೆಂಟಿಮೀಟರ್ ಹಿಗ್ಗಿಸುತ್ತೇವೆ ಎಂದು 1996ರಲ್ಲಿ ಘಾಟಿಯ ರೈಲು ನಿಲ್ಲಿಸಿದರು. ಬೆಂಗಳೂರಿಗೆ ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಡಿಸೆಂಬರಿನಲ್ಲಿ. ಅಷ್ಟರೊಳಗೆ, ರೈಲು ಬಂದ ಮೇಲೆ ಬೆಂಗಳೂರು ನೋಡುತ್ತೇನೆ ಎಂದು ಕಾದಿದ್ದ ಹಿರಿಯರು ಕೆಲವರು ಕಾಯುವುದನ್ನೇ ನಿಲ್ಲಿಸಿದ್ದರು, ಎಲ್ಲ ಅರ್ಥದಲ್ಲೂ. ಅಳಿಯನ ಕಾರಿನದು ಬರೀ ಒಂದಿಂಚಿನ ಬದಲಾವಣೆ, ನಿಜ. ಆದರೂ ಆ ಒಂದಿಂಚಿಗೆ ಎಷ್ಟು ಕಾಯಬೇಕಾಗಬಹುದು ಎಂಬ ಲೆಕ್ಕ ನನ್ನ ತಲೆಯಲ್ಲಿ ಓಡದೆ ಇರಲಿಲ್ಲ.

ಓಟದ ಮಾತಿಗೆ ಬಂದರೆ, ನಿಜವಾಗಿ ಓಡುವವರು ಏನು ಮಾಡುತ್ತಾರೆ? ಕೊಯಮತ್ತೂರಿನ ಕರಿ ಸ್ಪೀಡ್‌ವೇಯಂಥ ಟ್ರ್ಯಾಕಿನಲ್ಲಿ ಸುತ್ತುವ ಕಾರಿಗೆ ಸ್ಟೆಪ್ನಿ ಬೇಡ. ಟಯರು ಹೋದರೆ ಪಿಟ್ಟಿನಲ್ಲಿ ಜನ ಇದ್ದಾರೆ. ಅಳಿಯ ವರ್ಷಕ್ಕೊಮ್ಮೆ ಅಲ್ಲಿಗೆ ಹೋಗುತ್ತಾನೆ, ಹೋಗಲಿ. ಆದರೆ ರ‍್ಯಾಲಿಯವರನ್ನು ಕೇಳಿ. ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣುದಾರಿಯಲ್ಲಿ ಧೂಳೆಬ್ಬಿಸುವವರು, ಕರ್ನಾಟಕ ಮೋಟರ್ ಸ್ಪೋರ್ಟ್ಸ್ ಕ್ಲಬ್ಬಿನ ಕೆ-1000 ರ‍್ಯಾಲಿ ಓಡಿಸಿದವರು, ವಿಶ್ವ ಚಾಂಪಿಯನ್‌ಶಿಪ್ಪಿನವರು ಕೂಡ, ಗ್ರಾಂ ಗ್ರಾಂ ತೂಕ ಇಳಿಸಿದ ಕಾರಿನ ಹಿಂದೆ ಒಂದಾದರೂ ಚಕ್ರವನ್ನು ಬೆಲ್ಟು ಬಿಗಿದು ಒಯ್ಯುತ್ತಾರೆ. ಕಲ್ಲು ಬಡಿದು ಟಯರು ಹರಿದರೆ ಚಾಲಕನೂ ಪಕ್ಕದವನೂ ಹಾರಿ ಇಳಿದು ಎರಡು ಮೂರು ನಿಮಿಷದಲ್ಲಿ ಚಕ್ರ ಬದಲಾಯಿಸಿ ಮತ್ತೆ ಓಡುತ್ತಾರೆ. ಅವರಿಗಿಂತ ಹೆಚ್ಚಿನ ಅವಸರ ಬೆಂಗಳೂರಿನಿಂದ ಕೋಡಿಂಬಾಳಕ್ಕೆ ಹಲಸಿನಹಣ್ಣು ತಿನ್ನಲು ಬರುವವನಿಗೆ ಏನಿದೆ?

ಒಂದು ಕಾಲದಲ್ಲಿ ಯಾರ ಕಾರಿನಲ್ಲೂ ಸ್ಟೆಪ್ನಿ ಇರಲಿಲ್ಲವಂತೆ. ರಸ್ತೆ ತುಂಬ ಕುದುರೆ ಲಾಳದ ಮೊಳೆ. ಪಂಚರಾದಲ್ಲೇ ಕೂತು ಟಯರು ಬಿಚ್ಚಿ, ತೇಪೆ ಹಾಕಿ, ಕೈಪಂಪಿನಿಂದ ಗಾಳಿ ಹೊಡೆಯಬೇಕು. ವೇಲ್ಸಿನ ಲನೆಲ್ಲಿ ಎಂಬ ಊರಿನ ಸ್ಟೆಪ್ನಿ ಸ್ಟ್ರೀಟಿನಲ್ಲಿ ಕಬ್ಬಿಣದ ಸಾಮಾನು ಮಾರುತ್ತಿದ್ದ ಡೇವಿಸ್ ಸಹೋದರರು ಇದನ್ನೆಲ್ಲ ನೋಡಿ, 1904ರಲ್ಲಿ, ಗಾಳಿ ತುಂಬಿಸಿಟ್ಟ ಟಯರಿನ ಒಂದು ಬಳೆಯನ್ನು ತಯಾರಿಸಿದರು. ಅದನ್ನು ಪಂಚರಾದ ಚಕ್ರದ ಬದಿಗೆ ಕಚ್ಚಿಸಿಬಿಟ್ಟರೆ ಮನೆ ತಲುಪಬಹುದಿತ್ತು. ಅವರ ಅಂಗಡಿಯ ಹಿಂದೆಯೂ ಗೋಣಿ ಹೊದ್ದ ಮೋಟರೊಂದು ಇದ್ದಿರಬೇಕು ಅಂತ ನನ್ನ ಗುಮಾನಿ.

ಇನ್ನು ಆ ದಿನದ ಕಥೆ. ಪಂಜದ ಕಡೆ ಒಂದು ಮದುವೆ. ಊಟ ಭರ್ಜರಿ, ಹೋಳಿಗೆ ಎರಡನೆಯ ಸುತ್ತು ಬಂದಿತ್ತು. ಹಿಂದಿರುಗುವಾಗ ಪುಳಿಕುಕ್ಕು ಸೇತುವೆಗೆ ಇನ್ನೂ ಸ್ವಲ್ಪ ದೂರವಿತ್ತು, ತಿರುವಿನಲ್ಲಿ ಎದುರಿನಿಂದ ಬಸ್ಸು ಬಂತು. ಬಸ್ಸಿಗೆ ಜಾಗ ಬಿಡುವುದು ಇಲ್ಲಿಯ ಸಂಪ್ರದಾಯ, ಬಿಡದಿದ್ದರೂ ಅದು ತೆಗೆದುಕೊಳ್ಳುತ್ತದೆ. ಅಳಿಯ ಎಡಕ್ಕೆ ಸರಿದ. ಮಳೆನೀರು ಕೊರೆದು ರಸ್ತೆಯ ಅಂಚು ಗೇಣುದ್ದ ಕೆಳಗಿತ್ತು. ಮುಂದಿನ ಎಡಚಕ್ರ ಇಳಿದು ಹತ್ತುವಾಗ ‘ಟಪ್’ ಎಂದಿತು. ಅವನ ಟಯರು 195/50, ಅಂದರೆ ಅಗಲದ ಅರ್ಧದಷ್ಟೇ ಎತ್ತರ, ರಿಮ್ಮಿಗೂ ರಸ್ತೆಗೂ ನಡುವೆ ಹತ್ತು ಸೆಂಟಿಮೀಟರ್ ಕೂಡ ಇಲ್ಲ. ಕಾಂಕ್ರೀಟಿನ ಅಂಚು ಟಯರಿನ ಬದಿಯನ್ನೇ ಸೀಳಿತ್ತು.

ಅಳಿಯ ಧೃತಿಗೆಡಲಿಲ್ಲ. ಡಿಕ್ಕಿಯಿಂದ ಸೀಲೆಂಟಿನ ಬಾಟಲಿ ತೆಗೆದು ಒಳಗೆ ಬಿಟ್ಟು ಪುಟ್ಟ ಕಂಪ್ರೆಸರ್ ಚಾಲು ಮಾಡಿದ. ಮೊಳೆ ಹೊಕ್ಕ ತೂತಿಗೆ ಈ ಮದ್ದು ನಾಟುತ್ತದೆ. ಗೋಂದು ಮೆತ್ತಿದ ಬತ್ತಿ ತುರುಕಿದರೂ ನಡೆಯುತ್ತದೆ. ಬದಿ ಸೀಳಿದ್ದಕ್ಕೆ ಎರಡೂ ಆಗದು. ಒಳಗೆ ಹೋದ ಬಿಳಿ ದ್ರವ ಹೋದಷ್ಟೇ ವೇಗದಲ್ಲಿ ಹೊರಗೆ ಬಂದು, ಬಗ್ಗಿ ನೋಡುತ್ತಿದ್ದ ನನ್ನ ಜರಿ ಅಂಚಿನ ಪಂಚೆಯ ಮೇಲೆ ಕೂತಿತು. ಅಂಟಂಟು ವಾಸನೆ ಪರಿಚಿತ ಅನ್ನಿಸಿತು. ಇಂಥ ಸೀಲೆಂಟುಗಳಲ್ಲಿ ಬಹಳಷ್ಟಕ್ಕೆ ಮೂಲ ದ್ರವ್ಯ ರಬ್ಬರ್ ಹಾಲೇ. ತಲೆಯೆತ್ತಿ ನೋಡಿದರೆ ನಾವು ನಿಂತದ್ದೂ ರಬ್ಬರ್ ತೋಟದ ಬದಿಯಲ್ಲೇ.

ಈ ರಬ್ಬರು ನಮ್ಮ ಮಣ್ಣಿನದ್ದಲ್ಲ. ಕೇರಳದಿಂದ ಬಂದು ಗುಡ್ಡ ಕೊಂಡವರು ಒಂದಿಷ್ಟು ನೆಟ್ಟರು. 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದ ಮೇಲೆ ಶ್ರೀಲಂಕಾದಿಂದ ಮರಳಿದ ತಮಿಳರಿಗೆ ಕೆಲಸ ಕೊಡಲೆಂದು ಸರ್ಕಾರ ಸುಳ್ಯ, ಪುತ್ತೂರು ಕಡೆ ಮತ್ತಷ್ಟು ನೆಡಿಸಿತು. ಆ ತೋಟಗಳನ್ನು ಈಗ ಅರಣ್ಯ ಅಭಿವೃದ್ಧಿ ನಿಗಮ ನೋಡಿಕೊಳ್ಳುತ್ತದೆ. ಬೆಳಕು ಹರಿಯುವ ಮೊದಲೇ ತಲೆಗೆ ಟಾರ್ಚು ಕಟ್ಟಿಕೊಂಡು ಟ್ಯಾಪಿಂಗಿನವರು ಹೊರಡುತ್ತಾರೆ. ತೊಗಟೆಯನ್ನು ಓರೆಯಾಗಿ ಹೆರೆದರೆ ಗೆರಟೆಗೆ ಹಾಲು ತೊಟ್ಟಿಕ್ಕುತ್ತದೆ. ಅದನ್ನು ತಟ್ಟೆಗೆ ಹೊಯ್ದು, ಆಸಿಡ್ ಹಾಕಿ ಹೆಪ್ಪುಗಟ್ಟಿಸಿ, ಮೆಶಿನ್ನಿಗೆ ಕೊಟ್ಟು ಶೀಟು ಮಾಡಿ ಹೊಗೆಮನೆಯಲ್ಲಿ ನೇತು ಹಾಕುತ್ತಾರೆ. ದೇಶದ ಹೆಚ್ಚಿನ ರಬ್ಬರು ಕೊನೆಗೆ ಟಯರಾಗಿಯೇ ರಸ್ತೆಗೆ ಬರುವುದು. ಇಷ್ಟು ಮರಗಳ ನಡುವೆ, ಕಣ್ಣೆದುರಿಗೇ ಹಾಲು ತೊಟ್ಟಿಕ್ಕುತ್ತಿರುವಾಗ, ಒಂದು ಟಯರಿಲ್ಲದೆ ನಿಲ್ಲುವ ಯೋಗ ಎಲ್ಲರಿಗೂ ಬರುವುದಿಲ್ಲ.

ಫೋನಿಗೆ ಸಿಗ್ನಲಿರಲಿಲ್ಲ. ಅದರ ಅಗತ್ಯವೂ ಬೀಳಲಿಲ್ಲ. ಅದೇ ಮದುವೆಯಿಂದ ಹಿಂದೆ ಬರುತ್ತಿದ್ದವರೆಲ್ಲ ಒಬ್ಬೊಬ್ಬರಾಗಿ ನಿಂತರು. ಪಿಕಪ್ಪಿನವರೊಬ್ಬರು ಜಾಕಿ ತಂದರು. ಕಾರು ಎಷ್ಟು ಕೆಳಗಿತ್ತೆಂದರೆ ಜಾಕಿ ಅಡಿಗೆ ಹೋಗಲಿಲ್ಲ. ಹಲಗೆಯೊಂದನ್ನು ಇಟ್ಟು ಅದರ ಮೇಲೆ ಚಕ್ರ ಹತ್ತಿಸಿ ಜಾಗ ಮಾಡಬೇಕಾಯಿತು. ಇನ್ನೊಬ್ಬರು ತಮ್ಮ ಸ್ವಿಫ್ಟಿನ ಸ್ಟೆಪ್ನಿಯನ್ನೇ ಉದಾರವಾಗಿ ಉರುಳಿಸಿಕೊಂಡು ಬಂದರು. ನಾಲ್ಕು ಬೋಲ್ಟಿನ ತೂತುಗಳು ಜಾತಕದ ಹಾಗೆ ಕೂಡಿ ಬಂದವು, ಅಂತರ ಎರಡರದ್ದೂ ನೂರು ಮಿಲ್ಲಿಮೀಟರ್. ನೆರೆದವರು ಖುಷಿಪಟ್ಟರು. ಆದರೆ ನಡುವಿನ ದೊಡ್ಡ ತೂತು ಇದೆಯಲ್ಲ, ಅದು ಹೋಂಡಾದ ಹಬ್ಬಿಗಿಂತ ಎರಡು ಮಿಲ್ಲಿಮೀಟರ್ ಸಣ್ಣದು. ಗುದ್ದಿದರು, ಒದ್ದರು. “ಸ್ವಲ್ಪ ತೆಂಗಿನೆಣ್ಣೆ ಹಚ್ಚಿ ನೋಡುವನಾ?” ಎಂದರು ಒಬ್ಬರು. ಸಂಬಂಧ ಅಲ್ಲಿಗೆ ಮುರಿಯಿತು.

ಕೊನೆಗೆ ಚಕ್ರ ಬಿಚ್ಚಿ ಪಿಕಪ್ಪಿಗೆ ಹಾಕಿ ಕಡಬಕ್ಕೆ ಒಯ್ದದ್ದಾಯಿತು. ಪಂಚರ್ ಅಂಗಡಿಯವರು ನೋಡಿದ ಕೂಡಲೇ ತಲೆ ಅಲ್ಲಾಡಿಸಿ, ಸೀಳಿದಲ್ಲಿ ಒಳಗಿನಿಂದ ಗೇಟರ್ ಇಟ್ಟು, ಟ್ಯೂಬು ತುಂಬಿಸಿ, “ಮನೆವರೆಗೆ ಮೆಲ್ಲ ಹೋಗಿ, ಆಮೇಲೆ ಇದನ್ನು ಗುಜರಿಗೆ ಹಾಕಿ” ಅಂದರು. 106 ಅಶ್ವಶಕ್ತಿಯ ಕಾರು ಎತ್ತಿನಗಾಡಿಗೂ ದಾರಿ ಬಿಟ್ಟುಕೊಡುತ್ತ ಮನೆ ಸೇರಿತು. ಹೊಸ ಟಯರು ಮರುದಿನ ಮಂಗಳೂರಿನಿಂದ ಬಸ್ಸಿನಲ್ಲಿ ಪಾರ್ಸೆಲ್ಲಾಗಿ ಬಂತು, ಕಂಡಕ್ಟರಿನ ಸೀಟಿನ ಪಕ್ಕ, ಕೋಳಿಮರಿಗಳ ಪೆಟ್ಟಿಗೆಯ ಮೇಲೆ.

ಹಾಗಾದರೆ ಸ್ಟೆಪ್ನಿ ಇಡಬೇಕೋ ಬೇಡವೋ? ನನ್ನ ತೀರ್ಪು ಕೇಳಿದರೆ, ಟ್ರ್ಯಾಕಿಗೆ ಹೋಗುವ ದಿನ ತೆಗೆದಿಡಲಿ, ಶಿರಾಡಿ ಘಾಟಿ ಇಳಿಯುವ ದಿನ ಹಾಕಿಕೊಳ್ಳಲಿ. ಆದರೆ ಬದಲಾಯಿಸಿದ ಕಾರಿಗೆ ‘ಒಂದು ಚಕ್ರ ಇದೆ’ ಎಂದರೆ ಮುಗಿಯಲಿಲ್ಲ. ಮನೆಯಂಗಳದಲ್ಲೇ ಒಮ್ಮೆ ಮುಂದಕ್ಕೂ ಹಿಂದಕ್ಕೂ ತೊಡಿಸಿ, ಬ್ರೇಕಿಗೆ ತಾಗದೆ ತಿರುಗುತ್ತದೋ ನೋಡಬೇಕು. ಅಲಾಯಿಗೆ ಹಾಕುವ ನಟ್ಟು ಕಬ್ಬಿಣದ ರಿಮ್ಮಿಗೆ ಸರಿಯಾಗಿ ಕೂರುತ್ತದೋ ಅದನ್ನೂ ನೋಡಬೇಕು. ಕೂರದಿದ್ದರೆ ನಟ್ಟೂ ಬೇರೆ ಇಟ್ಟುಕೊಳ್ಳಬೇಕು. ಕೂರದ ಚಕ್ರ ಹೊತ್ತು ತಿರುಗುವುದಕ್ಕಿಂತ ಇಲ್ಲದಿರುವುದೇ ಲೇಸು, ಭರವಸೆಯಾದರೂ ಇರುವುದಿಲ್ಲ. ಇನ್ನು ಟಯರಿನ ಬದಿಯಲ್ಲಿ ನಾಲ್ಕಂಕಿಯ ಒಂದು ಗುರುತುಂಟು: 2319 ಅಂತ ಇದ್ದರೆ 2019ರ ಇಪ್ಪತ್ತಮೂರನೆಯ ವಾರ ಹುಟ್ಟಿದ್ದು. ನಮ್ಮೂರಿನ ಹಲವು ಸ್ಟೆಪ್ನಿಗಳು ಒಮ್ಮೆಯೂ ಭೂಸ್ಪರ್ಶ ಮಾಡದೆ, ಗಾಳಿಯಿಲ್ಲದೆ, ಕತ್ತಲಲ್ಲೇ ವೃದ್ಧಾಪ್ಯಕ್ಕೆ ಬಂದಿರುತ್ತವೆ.

ಅಳಿಯನೂ ಮಾತು ಕೇಳಿದ. ಮುಂದಿನ ಸಲ ಬರುವಾಗ ಎಲ್ಲಿಂದಲೋ ಕಿರಿದಾದ ಒಂದು ಹದಿನೈದಿಂಚಿನ ರಿಮ್ಮು ಹುಡುಕಿ, ತೆಳು ಟಯರು ಹಾಕಿಸಿ ತಂದಿದ್ದ. ಬ್ರೇಕಿಗೆ ತಾಗುವುದಿಲ್ಲ, ಗುಂಡಿಯಲ್ಲೂ ಕೂರುತ್ತದೆ. ಹೆಮ್ಮೆಯಿಂದ ಡಿಕ್ಕಿ ತೆರೆದು ತೋರಿಸಿದ. ನಾನು ಶಹಭಾಸ್ ಎನ್ನುವಷ್ಟರಲ್ಲಿ ಅಕ್ಕ ಒಳಗಿನಿಂದ ಬಂದು ಇಣುಕಿದಳು. ಅವಳ ಮುಖ ಸಪ್ಪೆಯಾಯಿತು.

“ಇದೆಂತದ್ದು, ಜಾಗವೇ ಇಲ್ಲವಲ್ಲ! ಹಲಸಿನಹಣ್ಣು ಎಲ್ಲಿಡುದು?”

ಆಗ ಗೊತ್ತಾಯಿತು. ಓಟಕ್ಕಾಗಿ ಸ್ಟೆಪ್ನಿ ಇಳಿಸಿದ ಆ ಗುಂಡಿ ಇಷ್ಟು ದಿನವೂ ಬೆಂಗಳೂರಿಗೆ ಖಾಲಿ ಹೋದದ್ದೇ ಇಲ್ಲ. ಉರುಳದೆ ಕೂರುತ್ತದೆಂದು ಅಕ್ಕ ಪ್ರತಿಸಲವೂ ಅಲ್ಲಿ ಒಂದು ಬಕ್ಕೆಹಣ್ಣು ಇಟ್ಟು, ಸುತ್ತ ಸಂದಿಗೆ ತೆಂಗಿನಕಾಯಿ ತುಂಬಿ ಕಳಿಸುತ್ತಿದ್ದಳು. ಹಣ್ಣನ್ನು ಅಡಿಕೆ ತೂಗುವ ತಕ್ಕಡಿಗೆ ಇಟ್ಟು ನೋಡಿದೆವು. ಸ್ಟೆಪ್ನಿ, ಜಾಕಿ, ಪಾನ ಎಲ್ಲ ಸೇರಿದರೂ ಅದಕ್ಕೆ ಸಾಟಿಯಾಗಲಿಲ್ಲ. ಅಳಿಯ ತಾಯಿಯ ಮುಖ ನೋಡಿದ, ಸ್ಟೆಪ್ನಿ ನೋಡಿದ, ನನ್ನನ್ನು ನೋಡಿದ. ಹಣ್ಣನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟು ಬಿಗಿದದ್ದಾಯಿತು. ಉಪ್ಪಿನಂಗಡಿವರೆಗೆ ಅವನ ಜೊತೆ ಹೋಗುವುದೆಂದು ಇಸ್ತ್ರಿ ಅಂಗಿ ಹಾಕಿ ನಿಂತಿದ್ದ ನಾನು ಕೊಡೆ ಹಿಡಿದುಕೊಂಡು ಬಸ್ಸಿಗೆ ಹೋದೆ.