ಹವಳದ ಹುಳು ಡಿಕ್ಲರೇಷನ್ ಹಾಕಿದರೆ

ನಮ್ಮ ಉಳವಿಗೆ ಸಮುದ್ರವಿಲ್ಲ. (ಚನ್ನಬಸವಣ್ಣನ ಉಳವಿಗೂ ಇಲ್ಲ, ಅದು ಜೋಯಿಡಾದ ಕಾಡಿನಲ್ಲಿದೆ. ನಾನು ಹೇಳುತ್ತಿರುವುದು ಸೊರಬ ತಾಲ್ಲೂಕಿನ ಉಳವಿ.) ಸೊರಬ ಒಬ್ಬ ಬಂಗಾರಪ್ಪನವರನ್ನೂ ಪಕ್ಕದ ಶಿಕಾರಿಪುರ ಒಬ್ಬ ಯಡಿಯೂರಪ್ಪನವರನ್ನೂ ಮುಖ್ಯಮಂತ್ರಿ ಮಾಡಿ ಕಳಿಸಿದವು. ಸಮುದ್ರ ಮಾತ್ರ ಮಂಜೂರಾಗಲಿಲ್ಲ. ಹಾಗಾಗಿ ಅಡಿಕೆಗೆ ಒಳ್ಳೆಯ ರೇಟು ಬಂದ ವರ್ಷ ನಮ್ಮ ಹೊಸ ಜೋಡಿಗಳು ಮಾಲ್ಡೀವ್ಸ್‌ಗೆ ಹೋಗುತ್ತವೆ. ಹಿಂದೆ ಚಂದ್ರಗುತ್ತಿಯಲ್ಲಿ ಹಣ್ಣುಕಾಯಿ ಮಾಡಿಸಿ, ಜೋಗ ನೋಡಿಕೊಂಡು ಬಂದರೆ ಮುಗಿಯುತ್ತಿತ್ತು. ಈಗ ಕುಜದೋಷಕ್ಕೆಂದು ಜೋಯಿಸರು ಹೇಳಿದ ಹವಳವನ್ನು ಬೆರಳಿಗೆ ಹಾಕಿಕೊಂಡು, ಜೀವವಿರುವ ಹವಳ ನೋಡಲು ವಿಮಾನ ಹತ್ತಬೇಕು.

ಅಲ್ಲಿನ ಏರ್ಪಾಡು ಒಂದು ದ್ವೀಪಕ್ಕೆ ಒಂದು ರೆಸಾರ್ಟ್. 1972ರಲ್ಲಿ ಕುರುಂಬಾ ಎಂಬ ದ್ವೀಪದಿಂದ ಶುರುವಾಯಿತು. ಸರ್ಕಾರ ದ್ವೀಪವನ್ನು ಲೀಸಿಗೆ ಕೊಡುತ್ತದೆ. ಕಂಪನಿ ಕುಟೀರ ಕಟ್ಟುತ್ತದೆ. ಬಂದವರು ಬಿಳಿ ಮರಳಿನ ಮೇಲೆ ಮಲಗಿ ಫೋಟೊ ಹಾಕುತ್ತಾರೆ. ಆ ಮರಳಿನ ಬಹುಪಾಲು ಗಿಣಿಮೀನಿನ ಹಿಕ್ಕೆ. ಅದು ಹವಳ ಕಡಿದು, ಅರೆದು, ಹಿಂದಿನಿಂದ ಬಿಡುತ್ತದೆ. ದೊಡ್ಡದಾದರೆ ಒಂದೇ ಮೀನು ವರ್ಷಕ್ಕೆ ನೂರಾರು ಕಿಲೋ. ಹೂಡಿದ್ದು ಹವಳದ ಹುಳು, ಸಾಗಿಸಿದ್ದು ಮೀನು, ಬಿಲ್ಲು ಮಾತ್ರ ಕಂಪನಿಯದು.

ಕಾಗೋಡಿನ ನೆರೆಯಲ್ಲಿ ಹುಟ್ಟಿದವನಿಗೆ ಇದು ಗುರುತು ಸಿಗದೆ ಇರುತ್ತದೆಯೇ? 1951ರಲ್ಲಿ ಅಲ್ಲಿನ ಗೇಣಿದಾರರು ಒಡೆಯರ ಕೊಳಗದ ಅಳತೆ ಪ್ರಶ್ನಿಸಿ ಸತ್ಯಾಗ್ರಹ ಹೂಡಿದರು. ಲೋಹಿಯಾ ಬಂದು ಬಂಧನಕ್ಕೊಳಗಾದರು. 1974ರಲ್ಲಿ ದೇವರಾಜ ಅರಸರ ಕಾಲದ ಭೂಸುಧಾರಣೆ ತಿದ್ದುಪಡಿ ಬಂತು. ನಮೂನೆ 7 ತುಂಬಿ ಡಿಕ್ಲರೇಷನ್ ಹಾಕಿದರೆ ಉಳುವವನೇ ಹೊಲದೊಡೆಯ. ಆ ನಮೂನೆ ಹವಳದ ಹುಳುವಿನ ಕೈಗೆ ಸಿಕ್ಕರೆ ಏನಾದೀತು? ಸಾಗುವಳಿ ಎಷ್ಟು ಕಾಲದಿಂದ ಎಂಬಲ್ಲಿ ‘ಸಾವಿರಾರು ವರ್ಷ’ ಎಂದು ಬರೆಯುತ್ತದೆ. ಸಾಕ್ಷಿಗೆ ಗಿಣಿಮೀನು ಇದೆ. ಮಹಜರಿಗೆ ಬಂದವರಿಗೆ ದ್ವೀಪವನ್ನೇ ತೋರಿಸಬಹುದು.

ಒಡೆಯನ ಕಡೆ ವಕೀಲರೂ ಸುಮ್ಮನೆ ಕೂರುವುದಿಲ್ಲ. ‘ಸ್ವಾಮಿ, ಅರ್ಜಿದಾರರು 1998ರಲ್ಲೇ ಸ್ವಂತ ಇಚ್ಛೆಯಿಂದ ಜಮೀನು ಬಿಟ್ಟುಕೊಟ್ಟಿದ್ದಾರೆ’ ಎನ್ನುತ್ತಾರೆ. ಅಂಥ ಬಿಟ್ಟುಕೊಟ್ಟ ಪತ್ರಗಳನ್ನು ಮಲೆನಾಡು ಕಂಡಿಲ್ಲವೆ! ಆ ವರ್ಷ ಸಮುದ್ರ ಕಾದು ಮಾಲ್ಡೀವ್ಸ್‌ನ ಆಳವಿಲ್ಲದ ಕಡೆಯ ಹವಳವೆಲ್ಲ ಬಹುಮಟ್ಟಿಗೆ ಬೆಳ್ಳಗಾಗಿ ಸತ್ತಿತ್ತು.

ಹಾಗೆಂದು ಹುಳುವೇನೂ ಸತ್ಯಹರಿಶ್ಚಂದ್ರನಲ್ಲ. ಅದರ ಮೈಯೊಳಗೇ ಒಂದು ಪಾಚಿ ಒಕ್ಕಲಿದೆ. ಬಿಸಿಲಿನಲ್ಲಿ ಅನ್ನ ಮಾಡುವುದು ಪಾಚಿ, ಅದರಲ್ಲಿ ಹೆಚ್ಚಿನ ಪಾಲು ಗೇಣಿಯಾಗಿ ಹುಳುವಿಗೆ. ಬೇಸಿಗೆಯ ಮಾಮೂಲಿ ಮಟ್ಟಕ್ಕಿಂತ ನೀರು ಒಂದು ಡಿಗ್ರಿ ಹೆಚ್ಚಾಗಿ ವಾರಗಟ್ಟಲೆ ಹಾಗೇ ನಿಂತರೆ ಹುಳು ಪಾಚಿಯನ್ನು ಒಕ್ಕಲೆಬ್ಬಿಸುತ್ತದೆ. ಆಮೇಲೆ ತಾನೂ ಉಪವಾಸ ಬಿದ್ದು ಸಾಯುತ್ತದೆ. ಒಕ್ಕಲನ್ನು ಎಬ್ಬಿಸಿ ಹಸಿವಿನಿಂದ ಸತ್ತ ಒಡೆಯ ಭೂಮಿಯ ಮೇಲೆ ಇನ್ನೊಬ್ಬನಿಲ್ಲ. ನಮ್ಮ ಕಡೆಯ ಒಡೆಯರು ಬೆಂಗಳೂರಿಗೆ ಹೋಗಿ ಸೈಟು ಕೊಂಡರು.

ಖಾಸಗಿ ಒಡೆಯನೇ ಇಲ್ಲದಿದ್ದರೆ ಹವಳ ಸುಖವಾಗಿದ್ದೀತೇ ಎನ್ನುವವರು ಮುರುಡೇಶ್ವರಕ್ಕೆ ಹೋಗಬೇಕು. ಅಲ್ಲಿಂದ ಸುಮಾರು 19 ಕಿ.ಮೀ. ಸಮುದ್ರದೊಳಗೆ ನೇತ್ರಾಣಿ ಇದೆ. ಕರ್ನಾಟಕಕ್ಕೆ ಹವಳ ಎಂದರೆ ಅದೇ. ಹರಕೆಗೆ ಬಿಟ್ಟ ಆಡುಗಳು ಅಲ್ಲಿ ಕಾಡಾಡಿಗಳಾಗಿವೆ. ಬೇಲಿಯಿಲ್ಲದ ಗದ್ದೆಗೆ ದನ ನುಗ್ಗುವ ಹಾಗೆ ಆ ದ್ವೀಪಕ್ಕೆ ನೌಕಾಪಡೆಯ ಗುಂಡು ನುಗ್ಗಿತು. ಗುರಿ ಅಭ್ಯಾಸಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಅರಬ್ಬೀ ಸಮುದ್ರದಲ್ಲಿ ಸಿಗಲಿಲ್ಲವಂತೆ. 2001ರಿಂದ ಹವಳ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿ ಹುಲಿಯ ಪಕ್ಕದಲ್ಲೇ ಕೂತಿದೆ. ಹವಳದ ಚೂರು ಮುರಿದು ಜೇಬಿಗಿಟ್ಟುಕೊಂಡರೆ ಕೇಸು. ಗುಂಡು ಹಾರಿಸಿದರೆ ದೇಶರಕ್ಷಣೆ. 2022ರ ‘ಗಂಧದ ಗುಡಿ’ಯಲ್ಲಿ ಪುನೀತ್ ರಾಜ್‌ಕುಮಾರ್ ಅಲ್ಲಿ ನೀರಿಗಿಳಿದದ್ದನ್ನು ನೋಡಿದ ಮೇಲೆ, ನಮ್ಮಲ್ಲೂ ಹವಳವಿದೆ ಎಂದು ನಾಡಿಗೆ ನೆನಪಾಯಿತು. ಈಗ ಡೈವಿಂಗ್‌ಗೆ ಕ್ಯೂ.

ದ್ವೀಪದ ಆಸೆ ಸಂಸಾರಿಗಳಿಗೆ ಮಾತ್ರ ಎಂದುಕೊಳ್ಳಬೇಡಿ. ಬಿಡದಿಯ ನಿತ್ಯಾನಂದ ಸ್ವಾಮಿ 2019ರಲ್ಲಿ ಕೈಲಾಸ ಎಂಬ ದೇಶವನ್ನೇ ಘೋಷಿಸಿದರು. ದ್ವೀಪ ಈಕ್ವೆಡಾರ್ ಹತ್ತಿರವಿದೆ ಎಂದು ಸುದ್ದಿ. ನಾವು ಯಾವ ದ್ವೀಪವನ್ನೂ ಕೊಡಿಸಿಲ್ಲ ಎಂದಿತು ಈಕ್ವೆಡಾರ್. ಪಹಣಿಯಿಲ್ಲದ ಜಮೀನಿಗೆ ಪಾಸ್‌ಪೋರ್ಟ್ ಕೊಟ್ಟವರು ಅವರೊಬ್ಬರೇ.

ದುಡ್ಡು ಕೊಡದೆ ದ್ವೀಪ ಪಡೆದವರೂ ಇದ್ದಾರೆ. 1964ರಲ್ಲಿ ಲಿಂಗನಮಕ್ಕಿ ಕಟ್ಟೆ ಮುಗಿದಾಗ ಸಾಗರ ತಾಲ್ಲೂಕಿನ ತುಮರಿ ಕಡೆಯವರ ಸುತ್ತ ಸರ್ಕಾರವೇ ನೀರು ತಂದು ನಿಲ್ಲಿಸಿತು. ರೆಸಾರ್ಟಿನವರು ಇಂದು ಸುಲಿಗೆ ರೇಟಿಗೆ ಮಾರುವುದೆಲ್ಲ ಅವರಿಗೆ ಪುಕ್ಕಟೆಯಾಗಿ ಸಿಕ್ಕಿತ್ತು: ಫೋನು ಸಿಗುವುದಿಲ್ಲ, ಸುತ್ತ ನೀರು, ಸಂಜೆಯ ಮೇಲೆ ಹೊರಗಿನವರ ಕಾಟವಿಲ್ಲ. ಲಾಂಚ್ ತಪ್ಪಿದ ಬಸುರಿಗೆ ನಕ್ಷತ್ರ ಎಣಿಸುವ ಸೌಕರ್ಯವೂ ಇತ್ತು. ಆ ಹಿನ್ನೀರಿಗೆ ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈ 14ಕ್ಕೆ.

ಸೇತುವೆ ಬಂದ ಮೇಲೆ ಹಿನ್ನೀರಿನ ದಂಡೆಗೆ ಬೆಂಗಳೂರಿನ ಕಾರುಗಳು ಸಲೀಸಾಗಿ ಬರುತ್ತಿವೆ. ಇಳಿದವರು ಎಕರೆಗೆ ಎಷ್ಟು ಎಂದು ಕೇಳುತ್ತಾರೆ. ಶಿಕಾರಿಪುರದವರೇ ಮುಖ್ಯಮಂತ್ರಿಯಾಗಿದ್ದಾಗ, 2020ರ ತಿದ್ದುಪಡಿಯಲ್ಲಿ, ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು ಎಂದಾಗಿದೆಯಲ್ಲ. ‘ಇದು ಲಿಂಗನಮಕ್ಕಿ ಮುಳುಗಡೆಯವರು ಮಾಡುತ್ತಿರೋ ಜಾಗ ಮಾರಾಯ್ರೇ, ಹಕ್ಕುಪತ್ರ ಇಲ್ಲ’ ಎಂದರೆ, ‘ಅದೇನು ಮಹಾ, ಮಾಡಿಸ್ಕೊಂಡ್ರಾಯ್ತು ಬಿಡಿ’ ಎನ್ನುತ್ತಾರೆ. ಮುಳುಗಡೆಯವರೂ ಅರವತ್ತು ವರ್ಷದಿಂದ ಅದನ್ನೇ ಮಾಡಿಸಿಕೊಳ್ಳಲು ಓಡಾಡುತ್ತಿದ್ದಾರೆ.