ಒತ್ತಿಲ್ಲದ ಅಭಿಮಾನ

ಬೋಗಾದಿ ಸಿಗ್ನಲ್‌ನಲ್ಲಿ ನನ್ನ ಮುಂದೆ ನಿಂತಿದ್ದ ಬುಲೆಟ್ಟಿನ ಹಿಂದಿನ ಮಡ್‌ಗಾರ್ಡ್ ಮೇಲೆ ಕಪ್ಪು ಮುಳ್ಳುಬೇಲಿಯಂಥದ್ದೇನೋ ಬರೆದಿತ್ತು. ಹಸಿರು ದೀಪ ಬಂದರೂ ಓದಿ ಮುಗಿಯಲಿಲ್ಲ. ಮುಂದೆ ಟೀ ಅಂಗಡಿಯಲ್ಲಿ ಸವಾರನನ್ನೇ ಕೇಳಿದೆ.

“ಮೈಸೂರು ಹುಲಿ ಅಂತ ಅಂಕಲ್, ಇಂಗ್ಲಿಷಲ್ಲಿ. ಜರ್ಮನ್ ಸ್ಟೈಲು. ಪವರ್ ಇರುತ್ತೆ.”

ಪವರ್ ಇತ್ತು, ಸುಳ್ಳಲ್ಲ. ಈ ಮುರುಕು ಅಕ್ಷರದ ಹೆಸರು ಫ್ರಾಕ್ಟೂರ್. ಮ್ಯಾಕ್ಸಿಮಿಲಿಯನ್ ಚಕ್ರವರ್ತಿಯ ಕಾಲದಲ್ಲಿ ಹುಟ್ಟಿ, ನಾನೂರು ವರ್ಷ ಜರ್ಮನರ ಬೈಬಲ್ಲು, ಪಂಚಾಂಗಗಳನ್ನು ಹೊತ್ತಿತ್ತು. 1933ರಲ್ಲಿ ಹಿಟ್ಲರ್ ಗದ್ದುಗೆ ಏರಿದ್ದೇ ತಡ, ಅಚ್ಚುಮೊಳೆ ಎರಕ ಹೊಯ್ಯುವ ಕಂಪನಿಗಳು ಗಾಳಿ ಬಂದಾಗ ತೂರಿಕೊಂಡವು. ಹಳೆಯ ಅಕ್ಷರದ ಬಳುಕನ್ನೆಲ್ಲ ಕೆತ್ತಿ ಹಾಕಿ, ಅಟೆನ್ಷನ್‌ನಲ್ಲಿ ನಿಲ್ಲಿಸಿದವು. ಸ್ಟೆಂಪೆಲ್ ಕಂಪನಿ ತನ್ನ ಮೊಳೆಗೆ ಟಾನೆನ್‌ಬೆರ್ಗ್ ಎಂದು ಯುದ್ಧಭೂಮಿಯ ಹೆಸರನ್ನೇ ಇಟ್ಟಿತು. ಮೊಳೆ ಜೋಡಿಸುವವರು ಈ ಜಾತಿಯ ಅಕ್ಷರಗಳನ್ನು ಕರೆದದ್ದು ಬೇರೆ ಹೆಸರಿಂದ: ಬೂಟುಗಾಲಿನವು!

ಆಮೇಲೆ 1941ರ ಜನವರಿ 3. ಹಿಟ್ಲರನ ಬಲಗೈ ಮಾರ್ಟಿನ್ ಬೋರ್ಮನ್ ಸುತ್ತೋಲೆ ಹೊರಡಿಸಿದ: ಇವು ಜರ್ಮನ್ ಅಕ್ಷರಗಳೇ ಅಲ್ಲ, ಯಹೂದಿ ಅಕ್ಷರಗಳು, ಇನ್ನು ಬಳಸಕೂಡದು. ನಿನ್ನೆಯವರೆಗೆ ಮಡಿಯುಟ್ಟಿದ್ದ ಲಿಪಿಗೆ ರಾತ್ರೋರಾತ್ರಿ ಮೈಲಿಗೆ. ಪುರಾವೆ ಕೇಳುವ ಎದೆ ಯಾರಿಗಿತ್ತು? ಜರ್ಮನಿ ಗೆದ್ದುಕೊಂಡ ದೇಶಗಳ ಜನಕ್ಕೆ ಇದನ್ನು ಓದಲು ಬರುತ್ತಿರಲಿಲ್ಲ ಎಂಬುದು ಒಳಗುಟ್ಟು ಎನ್ನುವವರಿದ್ದಾರೆ. ತಮಾಷೆಯೆಂದರೆ, ಆ ಸುತ್ತೋಲೆಯ ತಲೆಬರಹ ಅಚ್ಚಾಗಿದ್ದೇ ಮೈಲಿಗೆಯ ಅಕ್ಷರದಲ್ಲಿ.

ಈಗ ಅಲ್ಲಿನ ರಕ್ತಶುದ್ಧಿಯ ಪುಂಡರು, ತಮ್ಮ ದೇವರೇ ನಿಷೇಧಿಸಿದ ಅಕ್ಷರವನ್ನು ತೋಳಿಗೆ ಹಚ್ಚೆ ಹಾಕಿಸಿಕೊಳ್ಳುತ್ತಾರೆ. ಅದೂ ತಪ್ಪುತಪ್ಪಾಗಿ. ಫ್ರಾಕ್ಟೂರ್‌ಗೂ ವ್ಯಾಕರಣವಿದೆ: ಪದದ ನಡುವೆ ಬಂದರೆ ಉದ್ದನೆಯ ಎಸ್, ಕೊನೆಗೆ ಬಂದರೆ ಗುಂಡನೆಯದು. ಸಿ, ಎಚ್ ಜೊತೆಯಾದರೆ ನಮ್ಮ ಒತ್ತಕ್ಷರದ ಹಾಗೆ ಎರಡೂ ಅಂಟಿ ಒಂದೇ ಮೊಳೆ. ಇಡೀ ಪದವನ್ನು ದೊಡ್ಡಕ್ಷರದಲ್ಲಿ ಜೋಡಿಸಿದರೆ ಜರ್ಮನನಿಗೂ ಓದಲಾಗದು. ನಮ್ಮ ಹುಲಿ ಪೂರ್ತಿ ದೊಡ್ಡಕ್ಷರದಲ್ಲೇ ಘರ್ಜಿಸುತ್ತಿತ್ತು.

ಇದೇ ಮುರುಕು ಅಕ್ಷರಗಳ ನಾಡಿನಿಂದ ಬಂದವರು ಹರ್ಮನ್ ಮೋಗ್ಲಿಂಗ್. 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆ ತರುವಾಗ ಅವರ ಬಳಿ ಕನ್ನಡದ ಮೊಳೆ ಇರಲಿಲ್ಲ. ಕಲ್ಲಚ್ಚಿನಲ್ಲಿ ಒತ್ತು, ದೀರ್ಘ ಬಿಡದೆ ಅಚ್ಚು ಹಾಕಿಸಿದರು. ಪಾಪ, ಸಾಫ್ಟ್‌ವೇರ್ ಇರಲಿಲ್ಲ ನೋಡಿ!

ನವೆಂಬರಿನಲ್ಲಿ ಅದೇ ಬುಲೆಟ್ ಹುಡುಗ ಗೆಳೆಯರ ಜೊತೆ ಬ್ಯಾನರ್ ಕಟ್ಟುತ್ತಿದ್ದ. ಕೆಂಪು-ಹಳದಿ ನೆಲದ ಮೇಲೆ: ‘ಕನ್‌ನಡ ರಾಜ್‌ಯೋತ್‌ಸವ’.

“ಒತ್ತು ಎಲ್ಲಪ್ಪಾ?”

“ಡಿಸೈನ್ ಮಾಡೋವಾಗ ಕೂರಲಿಲ್ಲ ಅಂಕಲ್. ದೂರದಿಂದ ಯಾರಿಗೆ ಕಾಣುತ್ತೆ, ಬಿಡಿ.”

ಒಂದೊಂದು ಅಕ್ಷರವೂ ಮೂರಡಿ ಇತ್ತು.